ಹನ್ನೆರಡು ವರ್ಷದ ಅನುಭವ

ರಾಯದುರ್ಗದ ಒಂದು ಕಚೇರಿಯಲ್ಲಿ ಮೂವತ್ತಾರು-ಮೂವತ್ತೇಳನೇ ಇಸವಿಯ ದಫ್ತರವನ್ನು ಯಾರಾದರೂ ಈಗ ಬಿಚ್ಚಿ ನೋಡಿದರೆ, ಹನ್ನೊಂದು ತಿಂಗಳ ಉದ್ದಕ್ಕೂ ಒಂದೇ ದುಂಡನೆಯ ಅಕ್ಷರ ಕಾಣುತ್ತದೆ. ಆ ಅಕ್ಷರ ನನ್ನದು. ಕೆಳಗಿನ ರುಜು ಮಾತ್ರ ನನ್ನದಲ್ಲ. ಅದು ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿ ಈಗ ಯಾರ ಮೇಲೆ ಹಗೆ ಸಾಧಿಸಬೇಕಾಗಿದೆ? ಆದರೆ ಸಿಟ್ಟು ಹೋಗಿದೆಯೇ ಅಂತ ಕೇಳಿದರೆ, ಹೋಗಿಲ್ಲ.

ನಮ್ಮೂರು ರಾಯದುರ್ಗಕ್ಕೆ ನಾಲ್ಕು ಮೈಲಿ. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅದರ ಮೇಲೆ ಮದರಾಸಿನ ಸರಕಾರ. ನಮ್ಮಪ್ಪ ಬೊಮ್ಮಪ್ಪನಿಗೆ ನಲವತ್ತು ಕುರಿ, ನಾಲ್ಕೆಕರೆ ಹೊಲ, ಒಬ್ಬನೇ ಮಗ. ಆ ಮಗ ನಾನು, ಪಾಲಯ್ಯ. ಹತ್ತು ವರ್ಷಕ್ಕೇ ನನ್ನನ್ನು ಬಳ್ಳಾರಿಯಲ್ಲಿ ಸೋದರತ್ತೆಯ ಮನೆಗೆ ಓದಲಿಕ್ಕೆ ಕಳಿಸಿದ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಬಂದ ದಿನ ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ನಮ್ಮೂರಿನಲ್ಲಿ ಅಷ್ಟು ಓದಿದವನು ನಾನೇ ಮೊದಲು. ಇನ್ನು ಆರು ತಿಂಗಳಲ್ಲಿ ಇವನು ಯಾವುದಾದರೂ ಕುರ್ಚಿಯ ಮೇಲೆ ಕೂತಿರುತ್ತಾನೆ ಎಂದು ಅವನು ನಂಬಿದ್ದ. ನಾನೂ ನಂಬಿದ್ದೆ.

ಮೊದಲ ವರ್ಷ ಹದಿನೇಳು ಅರ್ಜಿ ಹಾಕಿದೆ. ಒಂದೊಂದರ ಕೊನೆಯಲ್ಲೂ 'ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್' ಎಂದು ಅಂಕುಡೊಂಕಿಲ್ಲದಂತೆ ಬರೆಯುತ್ತಿದ್ದೆ. ಯಾರೂ ಇನ್ನೂ ನನ್ನನ್ನು ಸರ್ವೆಂಟ್ ಮಾಡಿಕೊಂಡಿರಲಿಲ್ಲ, ವಿಧೇಯನಾಗಿ ಮಾತ್ರ ಆಗಲೇ ಇದ್ದೆ. ಹದಿನೇಳಕ್ಕೆ ಐದು ಜವಾಬು ಬಂದವು. ಐದರಲ್ಲೂ ಒಂದೇ ಮಾತು: ಅನುಭವ ಇಲ್ಲ.

ಕಾಗದದಲ್ಲಿ ಬೇಡ ಅಂದವರ ಹತ್ತಿರ ಖುದ್ದು ಹೋದರೆ ಬೇಕು ಅಂದಾರು ಎಂದುಕೊಂಡು ಒಂದು ಹತ್ತಿ ಗಿರಣಿಗೆ ನಡೆದುಕೊಂಡು ಹೋದೆ. ಮ್ಯಾನೇಜರು ಬಹಳ ಮರ್ಯಾದಸ್ಥರು, ನೀರು ಕೊಡಿಸಿ ಮಾತಾಡಿಸಿದರು.

"ಮುಂಚೆ ಎಲ್ಲಿ ಕೆಲಸ ಮಾಡೀರಿ?"

"ಎಲ್ಲೂ ಇಲ್ರಿ. ಇದೇ ಮೊದಲು."

"ಹಂಗಾದ್ರ ಮೊದಲು ಎಲ್ಲಾದ್ರೂ ಮಾಡಿ ಬರ್ರಿ. ಆಮ್ಯಾಲೆ ನೋಡೋಣ."

ಎಲ್ಲಿಗೆ ಹೋದರೂ ಇದೇ. ಮೊದಲು ಇನ್ನೊಂದು ಕಡೆ ಮಾಡಿ ಬಾ. ಆ ಇನ್ನೊಂದು ಕಡೆಯವರು ಮತ್ತೊಂದು ಕಡೆ ತೋರಿಸುತ್ತಿದ್ದರು. ಮೊದಲನೆಯ ಬಾಗಿಲು ಎಲ್ಲಿದೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಒಂದು ಕಡೆ ತಡೆಯಲಾರದೆ, "ನಿಮ್ಮ ಮ್ಯಾನೇಜರು ಹುಟ್ಟೋವಾಗಲೇ ಅನುಭವ ಕಟ್ಟಿಕೊಂಡು ಹುಟ್ಟಿದ್ರೇನ್ರಿ?" ಎಂದು ಕೇಳಿಬಿಟ್ಟೆ. ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. ಹದಿನೆಂಟನೆಯ ಅರ್ಜಿ ಹಾಗೆ ಹೋಯಿತು.

ಊರಿನಲ್ಲಿ ಟಪಾಲಿನವನು ನನ್ನ ಹೆಸರು ಕೂಗುವುದನ್ನೇ ಒಂದು ತಮಾಷೆ ಮಾಡಿಕೊಂಡಿದ್ದ. ಕಾಗದ ಕೊಡುವ ಮುಂಚೆ ಕಟ್ಟೆಯ ಮೇಲೆ ಕೂತವರ ಕಡೆ ತಿರುಗಿ, "ಬೊಮ್ಮಪ್ಪನ ಮಗನಿಗೆ ಇನ್ನೂ ಅನುಭವ ಬಂದಿಲ್ಲಂತ್ರಪ್ಪೋ" ಎನ್ನುತ್ತಿದ್ದ. ಕೂತವರು ನಗುತ್ತಿದ್ದರು. ಅಪ್ಪನೂ ಅವರ ನಡುವೆ ಇರುತ್ತಿದ್ದ, ಅವನು ನಗುತ್ತಿರಲಿಲ್ಲ.

ಕೊನೆಗೆ, ಮೊದಲು ಹೇಳಿದೆನಲ್ಲ, ಆ ಕಚೇರಿಯ ಹೆಡ್ ಗುಮಾಸ್ತ ಪಂಚಾಕ್ಷರಯ್ಯನವರು ನನಗೆ ದಾರಿ ತೋರಿಸಿದರು. ದೊಡ್ಡ ಮನುಷ್ಯರು, ಮೆತ್ತನೆಯ ಮಾತು, ನಸ್ಯದ ಡಬ್ಬಿ ಸದಾ ಕೈಯಲ್ಲಿ. ಎಲ್ಲರೂ ಅವರನ್ನು ಅಯ್ನೋರು ಎನ್ನುತ್ತಿದ್ದರು. "ಉಮೇದುವಾರನಾಗಿ ಬಾರಪ್ಪ. ಕುಂದರು, ಬರಿ. ಅನುಭವ ತಾನಾಗೇ ಆಗತೈತಿ" ಎಂದರು. ಆಗಿನ ಕಚೇರಿಗಳಲ್ಲಿ ಉಮೇದುವಾರ ಎಂದರೆ ಸಂಬಳವಿಲ್ಲದೆ ಬರೆದುಕೊಂಡು ಬಿದ್ದಿರುವವನು. ಯಾರಾದರೂ ಸತ್ತರೆ, ರಜೆ ಹೋದರೆ, ಆ ಜಾಗ ತನಗೆ ಸಿಕ್ಕೀತು ಎಂದು ಕಾಯುವವನು. ಇನ್ನೊಬ್ಬರ ಜ್ವರದ ಸುದ್ದಿ ಕೇಳಿದರೆ ಅವನಿಗೆ ಒಳಗೊಳಗೇ ಸಂತೋಷ. ನಾನೂ ಅಂಥ ನೀಚ ಸಂತೋಷ ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದಿನಾ ಎಂಟು ಮೈಲಿ ನಡೆದೆ. ಅವ್ವ ಮೈಲಾರಮ್ಮ ಕಟ್ಟಿಕೊಟ್ಟ ರೊಟ್ಟಿ ತಿಂದು, ಬಂದ ಕಾಗದಗಳನ್ನೆಲ್ಲ ನಕಲು ಮಾಡಿದೆ, ಪಟ್ಟಿ ಗೀಚಿದೆ, ತೆಲುಗಿನ ಅರ್ಜಿಗಳಿಗೆ ಇಂಗ್ಲಿಷಿನಲ್ಲಿ ಜವಾಬು ಬರೆದೆ. ನಾಲ್ಕನೆಯ ತಿಂಗಳಲ್ಲಿ ಒಬ್ಬ ಗುಮಾಸ್ತರು ನಿಜವಾಗಿಯೂ ಕಾಯಿಲೆ ಬಿದ್ದು ರಜೆ ಹೋದರು. ಆ ಜಾಗಕ್ಕೆ ಪಂಚಾಕ್ಷರಯ್ಯನವರ ಅಕ್ಕನ ಮಗ ಸಿದ್ದಬಸಪ್ಪ ಬಂದ. ಅವನು ಬೆಳಿಗ್ಗೆ ಬಂದು ಹಾಜರಿ ಪುಸ್ತಕದಲ್ಲಿ ರುಜು ಹಾಕುತ್ತಿದ್ದ, ಕೋಟು ಕುರ್ಚಿಗೆ ತಗುಲಿಹಾಕಿ ಹೋಟೆಲಿಗೆ ಹೋಗುತ್ತಿದ್ದ, ಸಂಜೆ ಕೋಟು ತೆಗೆದುಕೊಳ್ಳಲು ಬರುತ್ತಿದ್ದ. ಕುರ್ಚಿಯಲ್ಲಿ ಅವನ ಕೋಟು, ಕೆಳಗೆ ಚಾಪೆಯ ಮೇಲೆ ನಾನು. ಅವನ ಕೆಲಸ ಯಾರು ಮಾಡುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಪಂಚಾಕ್ಷರಯ್ಯನವರು ನನ್ನನ್ನು ಕರೆದು, ಒಳ್ಳೆಯ ಕಾಗದ ತಗೋ ಎಂದು ಹೇಳಿ ಬರೆಸಿದರು. ಸಿದ್ದಬಸಪ್ಪ ಎಂಬುವರು ಈ ಕಚೇರಿಯಲ್ಲಿ ಗುಮಾಸ್ತರಾಗಿ ಕೆಲಸ ಮಾಡಿರುತ್ತಾರೆ, ಬರವಣಿಗೆ ಶುದ್ಧ, ನಡತೆ ಉತ್ತಮ, ಮೂರು ಭಾಷೆಗಳಲ್ಲಿ ಅನುಭವ ಉಳ್ಳವರು. ನಾನು ಬರೆದೆ. 'ಅನುಭವ' ಅನ್ನುವ ಪದವನ್ನು ಸ್ವಲ್ಪ ದೊಡ್ಡದಾಗಿ, ಚೆಂದವಾಗಿ ಬರೆದೆ. ನಾಳೆ ನನಗೂ ಇಂಥದ್ದೊಂದು ಆಗುತ್ತದಲ್ಲ ಅನ್ನುವ ಹುರುಪು.

ಅದಾದ ಹದಿನೈದು ದಿನಕ್ಕೆ ಬಸ್ ಏಜೆಂಟನ ಗೋಡೆಯ ಮೇಲೆ ಆ ಜಾಹೀರಾತು ಕಂಡಿತು. ಮಡಕಶಿರಾದ ಲಕ್ಷ್ಮೀನರಸಪ್ಪನವರ ಹುಣಸೆಹಣ್ಣು-ಕಡ್ಲೆಕಾಯಿ ಮಂಡಿಗೆ ಗುಮಾಸ್ತ ಬೇಕು, ಕನ್ನಡ ತೆಲುಗು ಇಂಗ್ಲಿಷು ಬರಬೇಕು, ಒಂದು ವರ್ಷದ ಅನುಭವ ಇರಬೇಕು, ಅನುಭವ ಪತ್ರದೊಂದಿಗೆ ಸೋಮವಾರ ಖುದ್ದು ಹಾಜರಾಗಬೇಕು. ಎರಡು ಸಲ ಓದಿದೆ. ಇದು ನನಗೇ ಬರೆದ ಹಾಗಿತ್ತು. ಹನ್ನೊಂದು ತಿಂಗಳನ್ನು ಒಂದು ವರ್ಷ ಅಂತ ಬರೆದರೆ ಯಾರ ಗಂಟು ಹೋಗುತ್ತದೆ?

ಮಧ್ಯಾಹ್ನ ಪಂಚಾಕ್ಷರಯ್ಯನವರ ಮೇಜಿನ ಮುಂದೆ ಕೈಕಟ್ಟಿ ನಿಂತು, ನನಗೊಂದು ಅನುಭವ ಪತ್ರ ಬೇಕು ಎಂದೆ. ಅವರು ನಸ್ಯ ಏರಿಸಿ, ಮೂಗು ಒರೆಸಿಕೊಂಡು, ಸಮಾಧಾನವಾಗಿ ಕೇಳಿದರು.

"ಹಾಜರಿ ಪುಸ್ತಕದಾಗ ನಿನ್ನ ಹೆಸರೈತೇನು?"

"ಇಲ್ರಿ."

"ಸಂಬಳದ ಬಿಲ್ಲಿನಾಗ?"

"ಅದೂ ಇಲ್ರಿ."

"ಹಂಗಾದ್ರ ನೀನು ಈ ಕಚೇರಿಯಾಗ ಇದ್ದಿ ಅಂತ ನಾನು ಹೆಂಗ ಬರೀಲಿ, ತಮ್ಮ? ಸುಳ್ಳು ಸರ್ಟಿಫಿಕೇಟು ಆಗತೈತಿ. ಇಷ್ಟು ವರ್ಷ ನಾನು ಸುಳ್ಳಿಗೆ ರುಜು ಹಾಕಿದವನಲ್ಲ."

"ಹಂಗಾದ್ರ ಹನ್ನೊಂದು ತಿಂಗಳು ನಾನು ಎಲ್ಲಿದ್ದೆನ್ರಿ?"

"ಅದು ನಿನಗ ಗೊತ್ತು."

ಇಷ್ಟು ಹೇಳಿ, ಅದೇ ಉಸಿರಿನಲ್ಲಿ, ಬಳ್ಳಾರಿಗೆ ಹೋಗಬೇಕಾದ ಪಟ್ಟಿಯ ನಕಲನ್ನು ಸಂಜೆಯೊಳಗೆ ಮುಗಿಸು ಎಂದರು. ನಾನು ಹೋಗಿ ಕೂತು ಅದನ್ನು ಮುಗಿಸಿದೆ. ಯಾಕೆ ಮುಗಿಸಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರ ಮೇಲಿನ ಸಿಟ್ಟಿಗಿಂತ ಆ ನಕಲಿನ ನೆನಪೇ ನನಗೆ ಇವತ್ತಿಗೂ ಹೆಚ್ಚು ಉರಿಯುತ್ತದೆ.

ಅವತ್ತು ಸಂಜೆ ಮನೆಯಲ್ಲಿ ರೊಟ್ಟಿ ತಟ್ಟೆಯನ್ನು ದೂಡಿ ಕೂಗಾಡಿದೆ. ಬೈಯಬೇಕಾದವರು ರಾಯದುರ್ಗದಲ್ಲಿದ್ದರು, ಬೈಸಿಕೊಂಡವನು ಅಪ್ಪ. ನನ್ನನ್ನು ಯಾಕ ಓದಿಸಿದಿ, ಕುರಿ ಹಿಂದ ಬಿಟ್ಟಿದ್ದರ ಸಾಕಾಗಿತ್ತು ಎಂದೆಲ್ಲ ಅಂದೆ. ಅವನು ಕಂಬಳಿಯ ಮುಳ್ಳು ಕೀಳುತ್ತ ಕೇಳಿಸಿಕೊಂಡ.

"ಅಲ್ಲಪಾ, ಅವರು ಕೇಳೋದಾದ್ರೂ ಏನು?"

"ಅನುಭವ ಕೇಳ್ತಾರ ಅಪ್ಪ, ಅನುಭವ! ಒಂದು ವರ್ಷ ಅನುಭವ ಐತಿ ಅಂತ ಒಂದು ಕಾಗದ ಬೇಕು. ಅದನ್ನ ಬರಕೊಡೋ ಗಂಡಸು ಈ ಸೀಮ್ಯಾಗಿಲ್ಲ."

"ಅನುಭವದ ಕಾಗದಾನಾ?" ಅಪ್ಪನ ಮುಖ ಒಂಥರಾ ಆಯಿತು, ನನ್ನ ದಡ್ಡತನಕ್ಕೆ ಮರುಕ ಪಟ್ಟವನ ಹಾಗೆ. "ಅಷ್ಟಕ್ಕ ಇಷ್ಟು ದಿನ ಒದ್ದಾಡಿದೇನು? ಮೊದಲೇ ಹೇಳಬಾರದಾ?"

ಅಕ್ಷರ ಬಾರದವನಿಗೆ ಏನು ತಿಳಿಸಿ ಹೇಳುವುದು ಎಂದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ.

ಪತ್ರ ಇಲ್ಲದಿದ್ದರೂ ಹೋಗಿ ಬರುವುದೇ ಎಂದು ಹಟ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ರಾಯದುರ್ಗದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿ ಕೂತೆ. ಡ್ರೈವರು ಇಂಜಿನ್ ಶುರು ಮಾಡಿದ್ದ. ಆಗ ಅಪ್ಪ ಓಡುತ್ತ ಬಂದ, ಕಿಟಕಿಯಿಂದ ಒಂದು ಲಕೋಟೆ ಒಳಗೆ ತೂರಿಸಿದ. ಅರಗು ಹಾಕಿ ಮುದ್ರೆ ಒತ್ತಿದ ಲಕೋಟೆ, ಮೇಲೆ 'ಅನುಭವ ಪತ್ರ' ಎಂದು ಬರೆದಿತ್ತು.

"ತಗೋ. ಅಯ್ನೋರು ಬರಕೊಟ್ಟಾರ. ನೀ ಒಡೀಬ್ಯಾಡ, ಅಲ್ಲಿ ಧಣ್ಯಾರ ಮುಂದೇ ಒಡೀಬೇಕಂತ. ಒಂದು ಟಗರು ಕೊಟ್ಟೆ, ಬರದ್ರು."

ಬಸ್ಸು ಹೊರಟಿತು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮಪ್ಪ ಪಂಚಾಕ್ಷರಯ್ಯನವರ ಬಾಗಿಲಿಗೆ ಹೋಗಿ ಟಗರು ಕಟ್ಟಿ, ಅವರ ಸತ್ಯವನ್ನು ಕರಗಿಸಿದ್ದಾನೆ. ಸುಳ್ಳಿಗೆ ರುಜು ಹಾಕದ ಮನುಷ್ಯ ಟಗರಿಗೆ ರುಜು ಹಾಕಿದ್ದಾರೆ. ಲಕೋಟೆಯನ್ನು ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಪಾವಗಡದ ಹತ್ತಿರ ಮೈಸೂರು ಸೀಮೆ ಹೊಕ್ಕು, ಮತ್ತೆ ಹೊರಬಂದು ಮಡಕಶಿರಾ ಸೇರುವ ತನಕ ನೂರು ಸಲ ಮುಟ್ಟಿ ನೋಡಿಕೊಂಡಿದ್ದೇನೆ. ಒಡೆಯಲಿಲ್ಲ. ಅರಗಿನ ಮೇಲಿನ ಮುದ್ರೆ ಬಿಸಿಲಿಗೆ ಮೆತ್ತಗಾಗಿ ಗುರುತು ಸಿಗದ ಹಾಗೆ ಆಗಿತ್ತು.

ರಾತ್ರಿ ಛತ್ರದಲ್ಲಿ ಮಲಗಿ, ಸೋಮವಾರ ಮಂಡಿಗೆ ಹೋದೆ. ಹುಣಸೆಹಣ್ಣಿನ ಹುಳಿ ವಾಸನೆ ಬೀದಿಯ ತುದಿಗೇ ಮೂಗಿಗೆ ಹೊಡೆಯುತ್ತಿತ್ತು. ಬಾಗಿಲಲ್ಲಿ ಚೀಲ ಹೊಲಿಯುತ್ತಿದ್ದ ಹೆಂಗಸನ್ನು, ಶೇಂಗಾ ಮಂಡಿ ಇದೇ ಏನ್ರಿ ಎಂದು ಕೇಳಿದರೆ ಅವಳು ಪಕ್ಕದವಳಿಗೆ, "ಶೇಂಗಾ ಅಂತೆ ಕಣೇ, ಬಳ್ಳಾರಿ ಕಡೇದು" ಎಂದು ನಕ್ಕಳು. ಒಳಗೆ ನನಗಿಂತ ಮುಂಚೆ ನಾಲ್ಕು ಜನ ಕೂತಿದ್ದರು. ನಾಲ್ಕನೆಯವನು ಸಿದ್ದಬಸಪ್ಪ, ಅದೇ ಕೋಟಿನಲ್ಲಿ.

"ಏನ್ ಪಾಲಯ್ಯ, ನೀನೂ ಬಂದೀಯಾ?" ಎಂದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನನ್ನಂಥವನಿಗೂ ಕೆಲಸ ಬೇಕಾಗುತ್ತದೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

ಲಕ್ಷ್ಮೀನರಸಪ್ಪನವರು ಗಾದಿಯ ಮೇಲೆ ಕೂತಿದ್ದರು. ವಯಸ್ಸು ಅರವತ್ತರ ಮೇಲೆ, ಒಂದು ಕಡೆ ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದರು. ಎಲ್ಲರ ಪತ್ರಗಳನ್ನೂ ಎಲ್ಲರ ಎದುರಿಗೇ ನೋಡುತ್ತಿದ್ದರು. ಮೊದಲಿನ ಮೂವರದು ಬೇಗ ಮುಗಿಯಿತು. ಸಿದ್ದಬಸಪ್ಪನ ಪತ್ರ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದರು.

"ಅಕ್ಷರ ಭೋ ಚೆಂದಾಗೈತೆ ಕಣಪ್ಪ. ಯಾರು ಬರ್ದಿದ್ದು?"

"ನಮ್ಮ ಕಚೇರಿಯಾಗ ಬರದಿದ್ದು ರೀ" ಎಂದ ಸಿದ್ದಬಸಪ್ಪ.

ನಾನು ಬಾಯಿ ಮುಚ್ಚಿಕೊಂಡು ಇರಬೇಕಾಗಿತ್ತು. ಎದೆಯ ಮೇಲೆ ಲಕೋಟೆ ಇತ್ತಲ್ಲ, ಅದರ ಧೈರ್ಯ. "ಅದು ನನ್ನ ಅಕ್ಷರ ರೀ" ಅಂದೆ. ಒಂದು ಸಲ ಶುರುವಾದ ಮೇಲೆ ನಿಲ್ಲಲಿಲ್ಲ. ಕೋಟಿನ ಕಥೆ, ಚಾಪೆಯ ಕಥೆ, ಹನ್ನೊಂದು ತಿಂಗಳಿನ ಕಥೆ ಎಲ್ಲ ಹೇಳಿಬಿಟ್ಟೆ. ಲಕ್ಷ್ಮೀನರಸಪ್ಪನವರು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಮಂಡಿಯ ಹೆಸರು ವಿಳಾಸ ಬರೀರಿ ಎಂದರು. ಸಿದ್ದಬಸಪ್ಪ ಬರೆದದ್ದನ್ನು ಅವನೇ ಓದಲು ಆಗುತ್ತಿರಲಿಲ್ಲ. ನನ್ನ ಹಾಳೆಯನ್ನು ಅವನ ಪತ್ರದ ಪಕ್ಕ ಇಟ್ಟು ನೋಡಿ ಮುದುಕರು ಕೆಮ್ಮು ಬರುವಷ್ಟು ನಕ್ಕರು.

"ಇದಪ್ಪ ಚೋದ್ಯ! ಗೇಯ್ದೋನು ನೀನು, ಪತ್ರ ಅವಂದು. ಅನ್ಯಾಯ ಕಣಯ್ಯ ಇದು."

ಎರಡು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅದನ್ನು ಅನ್ಯಾಯ ಎಂದಿದ್ದ. ಆ ಒಂದು ಮಾತಿಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. "ಎಲ್ಲಿ, ನಿನ್ ಪತ್ರ ಐತಾ?" ಎಂದರು. ನಾನು ಹೆಮ್ಮೆಯಿಂದ ಲಕೋಟೆ ತೆಗೆದುಕೊಟ್ಟೆ. ಅವರು ಅರಗು ಒಡೆದು, ಕನ್ನಡಕ ಸರಿ ಮಾಡಿಕೊಂಡು, ಗಟ್ಟಿಯಾಗಿ ಓದಿದರು.

"ಸದರಿ ಗ್ರಾಮದ ಸರ್ವೆ ನಂಬರು ನೂರ ನಲವತ್ತೆರಡು, ನಾಲ್ಕು ಎಕರೆ ಖುಷ್ಕಿ ಜಮೀನು, ಬೊಮ್ಮಪ್ಪನ ಮಗ ಪಾಲಯ್ಯನ ಅನುಭವದಲ್ಲಿ ಹನ್ನೆರಡು ವರ್ಷಗಳಿಂದ ನಿರಾತಂಕವಾಗಿ ಇರುತ್ತದೆಂದು ದೃಢೀಕರಿಸಿದೆ. ಗ್ರಾಮ ಕರಣಂ ರುಜು."

ಮೊದಲು ನಕ್ಕವನು ಸಿದ್ದಬಸಪ್ಪ. ಆಮೇಲೆ ಉಳಿದ ಮೂವರು, ಆಮೇಲೆ ಬಾಗಿಲಲ್ಲಿ ಚೀಲ ಹೊಲಿಯುವ ಹೆಂಗಸರೂ. ನನ್ನ ಕಿವಿ ಕಾದುಹೋಯಿತು. ಅಪ್ಪ ಹೇಳಿದ ಅಯ್ನೋರು ಯಾರು ಅಂತ ಆಗ ಗೊತ್ತಾಯಿತು. ಅವನು ಹೋದದ್ದು ಪಂಚಾಕ್ಷರಯ್ಯನವರ ಹತ್ತಿರಕ್ಕಲ್ಲ, ನಮ್ಮೂರ ಜಮೀನಿನ ಲೆಕ್ಕ ಬರೆಯುವ ಕರಣಮರ ಹತ್ತಿರಕ್ಕೆ; ಊರಿನಲ್ಲಿ ಅವರನ್ನೂ ಅಯ್ನೋರು ಎನ್ನುತ್ತಿದ್ದರು. ಅವನ ಲೋಕದಲ್ಲಿ ಅನುಭವ ಅಂದರೆ ಒಂದೇ: ಯಾವ ಹೊಲ ಯಾರ ಸ್ವಾಧೀನದಲ್ಲಿದೆ, ಯಾರು ಉಳುತ್ತಾರೆ, ಯಾರು ಉಣ್ಣುತ್ತಾರೆ ಎಂದು ಕರಣಂ ಬರೆದಿಡುವ ಮಾತು. ಹನ್ನೆರಡು ವರ್ಷದ ಹಿಂದೆ ನನಗೆ ಹತ್ತು ವರ್ಷ. ಆ ಹೊಲದಲ್ಲಿ ನಾನು ಮಾಡಿದ ಕೆಲಸ ಎಂದರೆ ರಜೆಯಲ್ಲಿ ಬುತ್ತಿ ಒಯ್ದದ್ದು. ಅಪ್ಪನ ಮೇಲೆ ಬಂದ ಕೋಪಕ್ಕೆ ಅವನು ಎದುರಿಗಿದ್ದರೆ ಏನನ್ನುತ್ತಿದ್ದೆನೋ.

ನಗದೆ ಇದ್ದವರು ಲಕ್ಷ್ಮೀನರಸಪ್ಪನವರು ಒಬ್ಬರೇ. ಪತ್ರವನ್ನು ಎರಡನೆಯ ಸಲ ಮನಸ್ಸಿನಲ್ಲೇ ಓದಿಕೊಂಡು, ತಲೆಯೆತ್ತಿ ಸಿದ್ದಬಸಪ್ಪನ ಕಡೆ ನೋಡಿದರು.

"ನಿಂಗೆಷ್ಟೈತಪ್ಪ ಅನುಭವ?"

"ಒಂದು ವರ್ಷದ್ದು ರೀ, ಕಚೇರಿಯಾಗ..."

"ಅದಲ್ಲ ಕಣಯ್ಯ. ಜಮೀನು."

"ಜಮೀನು ಇಲ್ರಿ. ಸೋದರಮಾವನ ಮನ್ಯಾಗ ಇರತೀನಿ."

"ಹೋದೊರ್ಸ ಇದ್ದ ಗುಮಾಸ್ತ ಮೂರು ಪುಟದ ಸರ್ಟಿಫಿಕೇಟು ತಂದಿದ್ದ" ಎಂದರು ಮುದುಕರು, ಈಗ ಎಲ್ಲರಿಗೂ ಕೇಳಿಸುವ ಹಾಗೆ. "ಗಲ್ಲಾಪೆಟ್ಟಿಗೆ ಬಳ್ಕೊಂಡು ಮೈಸೂರು ಸೀಮೆಗೆ ಹೋದ. ಸರ್ಟಿಫಿಕೇಟು ಹಿಡ್ಕಂಡು ಹುಡುಕಿದ್ರೆ ಆಸಾಮಿ ಸಿಕ್ತಾನಾ? ಈ ಹುಡುಗ ಎಲ್ಲಿಗೆ ಓಡ್ತಾನೆ? ಹೊಲ ಎತ್ಕಂಡು ಓಡ್ತಾನಾ?" ನನ್ನ ಕಡೆ ತಿರುಗಿದರು. "ಹನ್ನೆರಡೊರ್ಸ ಅಂತ ಬರ್ಸವ್ರೆ ನೋಡು. ಹನ್ನೆರಡೊರ್ಸ ಅನುಭವದಾಗಿದ್ರೆ, ಪಟ್ಟಾ ಯಾರ ಹೆಸರಾಗಿದ್ರೂ ಕೋರ್ಟು ನಿನ್ ಕಡೀಕೇ ಹೇಳ್ತದೆ. ನಿಮ್ಮಪ್ಪ ಭಾರಿ ಕಾನೂನು ಬಲ್ಲೋನು ಕಣಯ್ಯ. ಕೆಲ್ಸ ನಿಂದೇ."

ಕೆಲಸ ನನ್ನದು. ಆ ಮಾತು ಕೇಳಲು ಎರಡು ವರ್ಷ ಕಾದಿದ್ದೆ. ಅವರು ಪತ್ರವನ್ನು ಮಡಿಸಿ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕುತ್ತ, ಒಂದು ಮುಚ್ಚಳಿಕೆ ಬರೆದುಕೊಡಬೇಕು ಎಂದರು. ಮಂಡಿಯ ದುಡ್ಡು ನನ್ನ ಕೈಯಲ್ಲಿ ಕಮ್ಮಿ ಬಂದರೆ ಆ ನಾಲ್ಕೆಕರೆ ಜವಾಬು, ಅಷ್ಟೆ.

"ಧಣೀ, ನನ್ನ ಅಕ್ಷರ ನೋಡಿದ್ರಲ್ಲ" ಎಂದೆ. "ಮೂರು ಭಾಷೆ ಬರತಾವ್ರಿ. ನಾನು ಏನು ಮಾಡೀನಿ ಅಂತ ಈಗ ನೀವೇ ನೋಡಿದ್ರಿ. ಅದರ ಮ್ಯಾಲೆ ತಗೊಳ್ರಿ ನನ್ನ. ಹೊಲ ನಮ್ಮಪ್ಪಂದು ರೀ. ಆ ಕಾಗದ ವಾಪಸು ಕೊಟ್ಟುಬಿಡ್ರಿ."

"ಅಕ್ಷರ ಪ್ಯಾಟೆ ತುಂಬ ಸಿಕ್ತದೆ ಕಣಪ್ಪ" ಎಂದರು. ಬೇಸರದಿಂದಲ್ಲ, ದಯೆಯಿಂದಲೇ ಹೇಳಿದರು. "ಬೇಕಾದ್ರೆ ಬರಿ. ಬ್ಯಾಡಾಂದ್ರೆ ಕಾಗದ ತಗಂಡು ಹೋಗು, ನಂದೇನೂ ಬಲವಂತ ಇಲ್ಲ."

ಎದ್ದು ಹೋಗಬೇಕಾಗಿತ್ತು. ಕಾಗದ ಕಿತ್ತುಕೊಂಡು, ಮುಂದಿನ ಬಸ್ಸು ಹತ್ತಿ, ಅಪ್ಪನ ಹೊಲವನ್ನು ಅಪ್ಪನಿಗೆ ಕೊಡಬೇಕಾಗಿತ್ತು. ಕಣ್ಣ ಮುಂದೆ ಟಪಾಲಿನವನು ಬಂದ, ಕಟ್ಟೆ ಬಂತು, ನಗದೆ ಕೂತ ಅಪ್ಪನ ಮುಖ ಬಂತು. ಮತ್ತೆ ಪಂಚಾಕ್ಷರಯ್ಯನವರ ಚಾಪೆ ಬಂತು. ಸಿದ್ದಬಸಪ್ಪ ಇನ್ನೂ ಎದ್ದು ಹೋಗಿರಲಿಲ್ಲ, ನಾನು ಬೇಡ ಅಂದರೆ ತನ್ನ ಸರದಿ ಬಂದೀತು ಎಂದು ಕಾಯುತ್ತಿದ್ದ. ಎಲ್ಲಿ ಹೋದರೂ ನನ್ನ ಜಾಗದಲ್ಲಿ ಇವನು ಕೂರುತ್ತಾನಲ್ಲ ಅನ್ನುವ ಹೊಟ್ಟೆಕಿಚ್ಚೇ ನನ್ನನ್ನು ಅಲ್ಲಿ ಹಿಡಿದು ಕೂರಿಸಿತು ಎಂದು ಕಾಣುತ್ತದೆ.

"ಬರೆಯೋರು ಬ್ಯಾರೆ ಯಾಕೆ? ನಿನ್ ಅಕ್ಷರವೇ ಚೆಂದಾಗೈತೆ, ನೀನೇ ಬರಿ" ಎಂದು ಛಾಪಾ ಕಾಗದ ಮುಂದಿಟ್ಟರು. ಬರೆದೆ. ಒಂದು ಅಕ್ಷರವೂ ತಪ್ಪಲಿಲ್ಲ, ಒಂದು ಸಾಲೂ ಸೊಟ್ಟಗಾಗಲಿಲ್ಲ. ಕೊನೆಯಲ್ಲಿ ಪಾಲಯ್ಯ ಎಂದು ರುಜು ಹಾಕಿದೆ. ಹನ್ನೊಂದು ತಿಂಗಳಲ್ಲಿ ಸಾವಿರ ಹಾಳೆ ಬರೆದಿದ್ದೆ. ಅರ್ಜಿಗಳನ್ನು ಬಿಟ್ಟರೆ, ನನ್ನ ಬರಹದ ಕೆಳಗೆ ನನ್ನದೇ ರುಜು ಬಿದ್ದದ್ದು ಅದೇ ಮೊದಲು.

ಹಾಸಿಗೆ ಬಟ್ಟೆ ತರಲು ಎರಡು ದಿನ ಬಿಟ್ಟುಕೊಟ್ಟಿದ್ದರು. ವಾಪಸು ಬರುವ ದಾರಿಯುದ್ದಕ್ಕೂ ಅಪ್ಪನಿಗೆ ಅನ್ನಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ. ತಿಳಿಯದಿದ್ದರೆ ಸುಮ್ಮನಿರಬಾರದಾ, ಹೊಲಕ್ಕೇ ಕುತ್ತು ತಂದೆಯಲ್ಲ, ಹೀಗೆ. ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಪ್ಪ ಕುರಿ ರೊಪ್ಪದ ಬಾಗಿಲು ಕಟ್ಟುತ್ತಿದ್ದವನು ಹಗ್ಗ ಬಿಟ್ಟು ಬಂದ.

"ಕಾಗದ ನಡೀತೇನು?"

"ನಡೀತು."

"ನಡೀಲಿಲ್ಲ ಅಂದ್ರ ಕೇಳು! ಏ ಮೈಲಾರಿ, ನಡೀತಂತ!" ಅವನು ಅಷ್ಟು ದೊಡ್ಡ ದನಿಯಲ್ಲಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನೀನು ಒಂದು ವರ್ಷ ಅಂದಿದ್ದಿ ನೋಡು, ಕರಣಂ ಅಯ್ನೋರು ಎಷ್ಟು ಬರೀಲಿ ಅಂದ್ರು. ಒಂದು ಬರದ್ರ ನಾಳೆ ಎರಡು ಬೇಕಂತಾರ. ಎರಡು ಬರದ್ರ ಐದು ಬೇಕಂತಾರ. ಹನ್ನೆರಡು ಬರೀರಿ ಅಂದೆ. ಇನ್ನ ಮ್ಯಾಲೆ ನನ್ನ ಮಗನಿಗೆ ಯಾವನೂ ಕಡಿಮಿ ಬಿತ್ತು ಅನಬಾರದು."

ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಬಿಟ್ಟು, ನಡೆದದ್ದನ್ನಷ್ಟೇ ಹೇಳಿದೆ.

"ಅಪ್ಪ, ಆ ಕಾಗದ ಅವರ ಪೆಟ್ಟಿಗ್ಯಾಗ ಇಟ್ಕೊಂಡ್ರು. ದುಡ್ಡು ಕಡಿಮಿ ಬಂದ್ರ ಹೊಲ ಜವಾಬು ಅಂತ ಮುಚ್ಚಳಿಕಿ ಬರಕೊಟ್ಟು ಬಂದೀನಿ."

ಅಪ್ಪ ಹಗ್ಗ ಎತ್ತಿಕೊಂಡು ರೊಪ್ಪದ ಬಾಗಿಲಿಗೆ ಹೋಗಿ, ಬಿಟ್ಟ ಗಂಟನ್ನು ಪೂರ್ತಿ ಬಿಗಿದ.

"ಯಾರು ಬರದದ್ದು?"

"ನಾನೇ."

"ಹಂಗಾದ್ರ ಚೆಂದ ಬರದಿರತೀ" ಎಂದ.

ಬೆಳಗಿನ ಜಾವ ಮುಂಗಾರಿನ ಮಿರಗದ ಮಳೆ ಹಿಡಿದು ಸುರಿಯಿತು. ಬೆಳಕು ಹರಿದಾಗ ನಾನು ಹಾಸಿಗೆಯ ಸುರುಳಿ ತೋಳಿಗೆ ಹಾಕಿಕೊಂಡು ಬಸ್ಸಿಗೆ ಹೊರಟೆ. ಅಪ್ಪ ಹೊಲದ ದಾರಿಯವರೆಗೆ ಜೊತೆಗೆ ಬಂದ. ಮಣ್ಣು ಹದವಾಗಿ ನೆನೆದಿತ್ತು. ಅವನು ಬದುವಿನ ಮೇಲೆ ನಿಂತು, ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿ, ನನ್ನ ಕಡೆ ತಿರುಗಿದ.

"ನವಣಿ ಹಾಕಲೋ, ಶೇಂಗಾ ಹಾಕಲೋ? ಅನುಭವ ಈಗ ನಿಂದು ನೋಡಪಾ. ನೀನೇ ಹೇಳಬೇಕು."

ಅವನು ಚೇಷ್ಟೆಗೆ ಕೇಳಿದನೋ, ನಿಜವಾಗಿಯೂ ಅಪ್ಪಣೆ ಕೇಳಿದನೋ, ಇವತ್ತಿಗೂ ನನಗೆ ತಿಳಿದಿಲ್ಲ. ಮಣ್ಣನ್ನು ನನ್ನ ಅಂಗೈಗೆ ಹಾಕಿದ. ನಾನು ಅದನ್ನು ಹಿಸುಕಿದೆ, ಮೂಸಿದೆ, ನಾಲ್ಕೂ ಎಕರೆಯ ಮೇಲೆ ಕಣ್ಣಾಡಿಸಿದೆ. ಹನ್ನೆರಡು ವರ್ಷದಿಂದ ಅದು ನನ್ನ ಅನುಭವದಲ್ಲಿತ್ತು.

"ನನಗ ಗೊತ್ತಿಲ್ಲಪ್ಪ" ಎಂದೆ.